ಹಳೆಯ ಲ್ಯಾಪ್‌ಟಾಪ್‌ನ ಬಯೋಸ್ ಕೈಕೊಟ್ಟರೆ: ಫ್ಲ್ಯಾಶ್ ಮಾಡುವ ಮೊದಲು ಏನೇನು ನೋಡಬೇಕು

ಪವರ್ ಬಟನ್ ಒತ್ತುತ್ತೀರಿ. ದೀಪ ಹತ್ತುತ್ತದೆ, ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಇಲ್ಲವೇ ಕಂಪನಿಯ ಲೋಗೋ ಬಂದು ಅಲ್ಲೇ ನಿಂತುಬಿಡುತ್ತದೆ. ಇಲ್ಲವೇ ಎಲ್ಲ ಸರಿಯಾಗಿ ಶುರುವಾಗಿ, ಗಡಿಯಾರ ಮಾತ್ರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಬ್ರೌಸರ್‌ನಲ್ಲಿ ಯಾವ ಸೈಟ್ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಅಂತ ಬರುತ್ತದೆ. ಏಳೆಂಟು ವರ್ಷ ದಾಟಿದ ಲ್ಯಾಪ್‌ಟಾಪ್ ಇಟ್ಟುಕೊಂಡವರು ಇದರಲ್ಲಿ ಒಂದನ್ನಾದರೂ ನೋಡಿರುತ್ತೀರಿ.

ಆಗ ಹೆಚ್ಚಿನವರು ಮೊದಲು ಮಾಡುವುದು ಹೊಸ ಬಯೋಸ್, ಅಂದರೆ ಆನ್ ಮಾಡಿದ ಕೂಡಲೇ ವಿಂಡೋಸ್‌ಗಿಂತ ಮೊದಲು ಓಡಿ ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಂ, ಹುಡುಕಿ ಹಾಕುವುದು. ನಾನು ಹೇಳುವುದು ಅದಕ್ಕೆ ಪೂರ್ತಿ ಉಲ್ಟಾ. ಹಳೆಯ ಯಂತ್ರದಲ್ಲಿ ಬಯೋಸ್ ಕೆಟ್ಟಂತೆ ಕಂಡಾಗ, ನಾನು ನೋಡಿದ ಮಟ್ಟಿಗೆ, ಹೆಚ್ಚಾಗಿ ಬಯೋಸ್ ಕೆಟ್ಟಿರುವುದೇ ಇಲ್ಲ. ಒಂದು ಪುಟ್ಟ ಸೆಲ್ ಸತ್ತಿರುತ್ತದೆ, ಒಂದು ಸೆಟ್ಟಿಂಗ್ ತಾನಾಗಿ ಬದಲಾಗಿರುತ್ತದೆ, ಇಲ್ಲವೇ ರ‍್ಯಾಮ್ ಸಡಿಲವಾಗಿರುತ್ತದೆ. ಅಷ್ಟಕ್ಕೇ ಫ್ಲ್ಯಾಶ್ ಮಾಡಲು, ಅಂದರೆ ಚಿಪ್‌ಗೆ ಬಯೋಸ್ ಹೊಸದಾಗಿ ಬರೆಯಲು ಹೋಗಿ, ಚೆನ್ನಾಗಿದ್ದ ಬಯೋಸನ್ನೂ ಕಳೆದುಕೊಂಡವರನ್ನು ಕಂಡಿದ್ದೇನೆ. ಹಾಗಾಗಿ ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಾಳಾದರೆ ಮತ್ತೆ ಮೊದಲಿನಂತೆ ಮಾಡಬಹುದಾದ ಕೆಲಸಗಳು ಮೊದಲು. ಹಾಗೆ ಮಾಡಲಾಗದ್ದು ಕೊನೆಗೆ.

ಒಳಗೆ ಇರುವುದೇನು

ಬಯೋಸ್ ಎನ್ನುವ ಹೆಸರು 1981ರ ಐಬಿಎಂ ಪಿಸಿ ಕಾಲದಲ್ಲೇ ಇತ್ತು. ಈಗ ಅದರ ಜಾಗದಲ್ಲಿರುವುದು ಯುಇಎಫ್ಐ. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಹೊಸ ಲ್ಯಾಪ್‌ಟಾಪ್‌ಗಳು ಹೆಚ್ಚುಕಡಿಮೆ ಎಲ್ಲವೂ ಇದಕ್ಕೆ ಬಂದವು. ಹೆಸರು ಬದಲಾದರೂ ನಾವೆಲ್ಲ ಇನ್ನೂ ಬಯೋಸ್ ಅಂತಲೇ ಕರೆಯುತ್ತೇವೆ, ನಾನೂ ಹಾಗೇ ಬರೆಯುತ್ತೇನೆ. ವಿಂಡೋಸ್ 8ಕ್ಕೆ ಸ್ವಲ್ಪ ಹಿಂದೆ ಮುಂದೆ ಬಂದ ಯಂತ್ರಗಳ ಬಗ್ಗೆ ಒಂದು ಎಚ್ಚರ ಇರಲಿ. ಯುಇಎಫ್ಐ ಆಗಿನ್ನೂ ಹೊಸತು, ತಪ್ಪುಗಳು ಜಾಸ್ತಿ. ಈ ಬರಹದ ಅರ್ಧ ತೊಂದರೆಗಳು ಅದೇ ಕಾಲದವು.

ತೊಂದರೆ ನಾಲ್ಕು ಜಾಗದಲ್ಲಿ ಇರಬಹುದು. ಒಂದು, ಮದರ್‌ಬೋರ್ಡ್ ಮೇಲಿನ ಎಂಟು ಕಾಲಿನ ಪುಟ್ಟ ಫ್ಲ್ಯಾಶ್ ಚಿಪ್. ಬಯೋಸ್ ಇರುವುದು ಅದರಲ್ಲಿ. ಎರಡು, ನೀವು ಬದಲಿಸಿದ ಸೆಟ್ಟಿಂಗ್‌ಗಳು ಮತ್ತು ಗಡಿಯಾರ. ಮೂರು, ಎಂಬೆಡೆಡ್ ಕಂಟ್ರೋಲರ್, ಅಂದರೆ ಇಸಿ. ಕೀಬೋರ್ಡ್, ಫ್ಯಾನ್, ಚಾರ್ಜಿಂಗ್, ಪವರ್ ಬಟನ್ ನೋಡಿಕೊಳ್ಳುವ ಬೇರೆಯದೇ ಪುಟ್ಟ ಕಂಪ್ಯೂಟರ್ ಅದು, ಅದಕ್ಕೂ ತನ್ನದೇ ಫರ್ಮ್‌ವೇರ್, ಅಂದರೆ ಒಳಗೇ ಬರೆದಿಟ್ಟ ಪ್ರೋಗ್ರಾಂ ಇದೆ. ನಾಲ್ಕು, ಡಿಸ್ಕ್‌ನಲ್ಲಿರುವ ಬೂಟ್ ಫೈಲುಗಳು, ಅಂದರೆ ವಿಂಡೋಸ್ ಅಥವಾ ಲಿನಕ್ಸ್ ಶುರುಮಾಡುವ ಫೈಲುಗಳು. ಇವುಗಳಲ್ಲಿ ಫ್ಲ್ಯಾಶ್ ಮಾಡಿದರೆ ಸರಿಹೋಗುವುದು ಒಂದನೆಯದು, ಕೆಲವೊಮ್ಮೆ ಮೂರನೆಯದು. ಉಳಿದೆರಡಕ್ಕೆ ಅದು ಮದ್ದೇ ಅಲ್ಲ.

ಮೊದಲು ಫೋಟೋ ತೆಗೆಯಿರಿ

ಲ್ಯಾಪ್‌ಟಾಪ್ ಇನ್ನೂ ಸ್ವಲ್ಪವಾದರೂ ಓಡುತ್ತಿದ್ದರೆ ಇವತ್ತೇ ಈ ಕೆಲಸ ಮಾಡಿ. ಬಯೋಸ್ ಒಳಗೆ ಹೋಗಿ ಪ್ರತಿ ಪುಟದ ಫೋಟೋ ಫೋನಿನಲ್ಲಿ ತೆಗೆಯಿರಿ. ಅರ್ಥವಾಗದ ಪುಟದ್ದೂ ಬೇಕು. ಮುಂದೆ ಒಂದು ದಿನ ಆ ಫೋಟೋ ಇಲ್ಲದೆ ಕೈಕಾಲು ಬಿಡುವಂತಾಗುತ್ತದೆ.

ಒಳಗೆ ಹೋಗುವ ಕೀ ಕಂಪನಿಗೊಂದು. ಡೆಲ್, ಏಸರ್, ಆಸುಸ್‌ನಲ್ಲಿ ಸಾಮಾನ್ಯವಾಗಿ ಎಫ್2. ಎಚ್‌ಪಿಯಲ್ಲಿ ಎಫ್10, ಇಲ್ಲವೇ ಎಸ್ಕೇಪ್ ಒತ್ತಿದರೆ ಮೆನು ಬರುತ್ತದೆ. ಥಿಂಕ್‌ಪ್ಯಾಡ್‌ನಲ್ಲಿ ಎಫ್1 ಅಥವಾ ಎಂಟರ್. ಲೆನೊವೊದ ಐಡಿಯಾಪ್ಯಾಡ್‌ಗಳಲ್ಲಿ ಪಕ್ಕದಲ್ಲಿ ಪಿನ್ ಚುಚ್ಚುವಂಥ ಪುಟ್ಟ ನೋವೋ ಬಟನ್ ಇರುತ್ತದೆ. ಎಷ್ಟು ಒತ್ತಿದರೂ ನೇರ ವಿಂಡೋಸ್‌ಗೇ ಹೋಗುತ್ತಿದೆಯಾ? ಅದು ಬಹುಶಃ ಫಾಸ್ಟ್ ಸ್ಟಾರ್ಟಪ್ ಕೆಲಸ. ವಿಂಡೋಸ್ ಒಳಗಿಂದ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಅಂತ ಹೋಗಿ. ಆ ಕೊನೆಯ ಆಯ್ಕೆ ಅಲ್ಲಿ ಇಲ್ಲವೇ ಇಲ್ಲ ಅಂದರೆ ನಿಮ್ಮ ವಿಂಡೋಸ್ ಯುಇಎಫ್ಐಗೆ ಮೊದಲಿನ ಹಳೆಯ ಲೆಗಸಿ ಮೋಡ್‌ನಲ್ಲಿ ಹಾಕಿದ್ದು ಎಂದರ್ಥ. ಇದನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿಂಡೋಸ್‌ನಲ್ಲಿ ಸ್ಟಾರ್ಟ್ ಮೆನು ತೆರೆದು ಸಿಸ್ಟಮ್ ಇನ್ಫರ್ಮೇಶನ್ ಹುಡುಕಿ. ಬಯೋಸ್ ವರ್ಷನ್ ಮತ್ತು ತಾರೀಕು, ಬಯೋಸ್ ಮೋಡ್, ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಬೂಟ್ ಫೈಲನ್ನಷ್ಟೇ ಓಡಿಸುವ ಕಾವಲು) ಸ್ಥಿತಿ, ಈ ಮೂರು ಸಾಲು ಬರೆದುಕೊಳ್ಳಿ. ಲಿನಕ್ಸ್‌ನಲ್ಲಾದರೆ ಡಿಎಂಐಡಿಕೋಡ್ ಕಮಾಂಡ್ ವರ್ಷನ್ ಹೇಳುತ್ತದೆ.

ಇನ್ನೊಂದು, ಇದನ್ನು ಮರೆತವರ ಗೋಳು ನೋಡಲಾಗುವುದಿಲ್ಲ. ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗ ಹಾಕಿದ್ದರೆ ಅದರ 48 ಅಂಕಿಯ ರಿಕವರಿ ಕೀ ಬೇರೆ ಕಡೆ ಬರೆದಿಡಿ. ವಿಂಡೋಸ್ ಹೋಮ್‌ನಲ್ಲೂ ಡಿವೈಸ್ ಎನ್‌ಕ್ರಿಪ್ಷನ್ ಅನ್ನುವ ಹೆಸರಲ್ಲಿ ಇದು ತಾನಾಗಿ ಆನ್ ಆಗಿರಬಹುದು, ಆದ್ದರಿಂದ ನಾನು ಹಾಕಿಯೇ ಇಲ್ಲ ಅಂತ ಸುಮ್ನಿರಬೇಡಿ, ಒಮ್ಮೆ ನೋಡಿ. ಬಯೋಸ್‌ನಲ್ಲಿ ಏನಾದರೂ ಬದಲಾದರೆ ಅದು ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದು ಹೋದಂತೆಯೇ.

ಏನೂ ಬರುತ್ತಿಲ್ಲ, ಸ್ಕ್ರೀನ್ ಕಪ್ಪು

ಅಡಾಪ್ಟರ್ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನ್ 30 ಸೆಕೆಂಡು ಒತ್ತಿ ಹಿಡಿಯಿರಿ. ಬ್ಯಾಟರಿ ಇಲ್ಲದೆ ಬರೀ ಅಡಾಪ್ಟರ್ ಚುಚ್ಚಿ ಆನ್ ಮಾಡಿ.

ಇಷ್ಟೇ. ಇದು ಸುಮ್ಮನೆ ಹೇಳುವ ಮಾತಲ್ಲ. ಬೋರ್ಡ್‌ನಲ್ಲಿ ಉಳಿದ ಕರೆಂಟ್ ಖಾಲಿಯಾದಾಗ ಇಸಿ ಮೊದಲಿನಿಂದ ಶುರುವಾಗುತ್ತದೆ. ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿದರೂ ಇಸಿ ಮಲಗುವುದಿಲ್ಲ, ಬ್ಯಾಟರಿ ಇರುವವರೆಗೆ ಎಚ್ಚರವಾಗಿಯೇ ಇರುತ್ತದೆ, ಅದಕ್ಕೇ ಬರೀ ರೀಸ್ಟಾರ್ಟ್‌ನಿಂದ ಹೋಗದ ತೊಂದರೆ ಇದರಿಂದ ಹೋಗುತ್ತದೆ. ಚಾರ್ಜ್ ಆಗುತ್ತಿಲ್ಲ, ಫ್ಯಾನ್ ಪೂರ್ತಿ ವೇಗದಲ್ಲೇ ಓಡುತ್ತದೆ, ಕೀಬೋರ್ಡ್ ಅರ್ಧ ಸತ್ತಿದೆ, ಪವರ್ ಬಟನ್ ಒತ್ತಿದರೆ ಜಗ್ಗುವುದೇ ಇಲ್ಲ, ಇಂಥವೆಲ್ಲ ಇಸಿ ತೊಂದರೆಗಳೂ ಆಗಿರಬಹುದು. ಬ್ಯಾಟರಿ ಒಳಗೇ ಇರುವ ಯಂತ್ರವಾದರೆ ಕೆಳಗಿನ ಕವರ್ ಬಿಚ್ಚಿ ಬ್ಯಾಟರಿ ಕನೆಕ್ಟರ್ ತೆಗೆಯಬೇಕು. ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಅಡಿಯಲ್ಲಿ ರೀಸೆಟ್ ತೂತು ಇರುತ್ತದೆ, ಪಿನ್ ಚುಚ್ಚಿದರೆ ಸಾಕು.

ಅದರಿಂದ ಆಗಲಿಲ್ಲವಾದರೆ ದೀಪ ನೋಡಿ. ಯಂತ್ರ ಮಾತಾಡುತ್ತಿರುತ್ತದೆ, ನಾವು ಕೇಳಿಸಿಕೊಳ್ಳಬೇಕು ಅಷ್ಟೆ. ಹಳೆಯ ಹಲವು ಎಚ್‌ಪಿಗಳಲ್ಲಿ ಕ್ಯಾಪ್ಸ್ ಲಾಕ್ ದೀಪ 2 ಸಲ ಮಿನುಗಿ ನಿಂತು ಮತ್ತೆ ಮಿನುಗಿದರೆ ಬಯೋಸ್ ಕೆಟ್ಟಿದೆ, 3 ಸಲ ಆದರೆ ರ‍್ಯಾಮ್. ಹಲವು ಡೆಲ್‌ಗಳಲ್ಲಿ ಬ್ಯಾಟರಿ ದೀಪ ಮೊದಲು ಕಿತ್ತಳೆ ಬಣ್ಣದಲ್ಲಿ, ಆಮೇಲೆ ಬಿಳಿ ಬಣ್ಣದಲ್ಲಿ ಮಿನುಗುತ್ತದೆ. 2 ಮತ್ತು 3 ಅಂದರೆ ರ‍್ಯಾಮ್ ಸಿಕ್ಕಿಲ್ಲ, 2 ಮತ್ತು 2 ಅಂದರೆ ಬಯೋಸ್, 3 ಮತ್ತು 1 ಅಂದರೆ ಸಿಮೋಸ್ ಬ್ಯಾಟರಿ, ಅಂದರೆ ಗಡಿಯಾರ ಮತ್ತು ಸೆಟ್ಟಿಂಗ್ ಉಳಿಸುವ ಆ ಪುಟ್ಟ ಸೆಲ್. ಫೋನಿನಲ್ಲಿ ವಿಡಿಯೋ ತೆಗೆದು ನಿಧಾನವಾಗಿ ಎಣಿಸಿ, ಕಣ್ಣಲ್ಲೇ ಎಣಿಸಲು ಹೋದರೆ ತಪ್ಪುತ್ತದೆ. ಆಮೇಲೆ ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಹೋಲಿಸಿ, ಯಾಕೆಂದರೆ ಒಂದೇ ಕಂಪನಿಯ ಬೇರೆ ಸಾಲಿನ ಲ್ಯಾಪ್‌ಟಾಪ್‌ಗಳಲ್ಲಿ ಲೆಕ್ಕ ಬೇರೆ ಇರುತ್ತದೆ.

ದೀಪ ಏನೂ ಹೇಳದಿದ್ದರೂ ರ‍್ಯಾಮ್ ಒಮ್ಮೆ ತೆಗೆದು ಹಾಕಿ. ಎರಡು ಸ್ಟಿಕ್ ಇದ್ದರೆ ಒಂದೊಂದನ್ನೇ, ಒಂದೊಂದೇ ಸ್ಲಾಟ್‌ನಲ್ಲಿ ಹಾಕಿ ನೋಡಿ. ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ವೈಫೈ ಕಾರ್ಡ್ ಎಲ್ಲ ತೆಗೆದು ಬರೀ ರ‍್ಯಾಮ್ ಇಟ್ಟು ಆನ್ ಮಾಡಿ ನೋಡಿ. ಲೋಗೋದಲ್ಲೇ ನಿಲ್ಲುತ್ತಿದ್ದ ಲ್ಯಾಪ್‌ಟಾಪ್ ಡಿಸ್ಕ್ ತೆಗೆದ ಕೂಡಲೇ ಬಯೋಸ್‌ಗೆ ಹೋಯಿತು ಅಂದರೆ ಸಾಯುತ್ತಿರುವುದು ಡಿಸ್ಕ್, ಬಯೋಸ್ ಅಲ್ಲ.

ಆ ಪುಟ್ಟ ಸೆಲ್

ಹಳೆಯ ಲ್ಯಾಪ್‌ಟಾಪ್‌ನ ಅರ್ಧ ರೋಗಕ್ಕೆ ಮೂಲ ಇದೇ. ತಾರೀಕು ಹಿಂದಕ್ಕೆ ಹೋಗುವುದು, ಆನ್ ಮಾಡಿದಾಗೆಲ್ಲ ಎಫ್1 ಒತ್ತಿ ಅಂತ ಕೇಳುವುದು, ಸಿಮೋಸ್ ಚೆಕ್‌ಸಮ್ ಬ್ಯಾಡ್ ಅನ್ನುವ ಸಾಲು, ಥಿಂಕ್‌ಪ್ಯಾಡ್‌ನಲ್ಲಿ 0251 ಅಥವಾ 0271 ಎಂಬ ಸಂಖ್ಯೆ, ಸೆಟ್ಟಿಂಗ್ ಉಳಿಯದಿರುವುದು. ಅಡಾಪ್ಟರ್ ಚುಚ್ಚಿದ್ದಾಗ ಸರಿ ಇದ್ದು, ಒಂದೆರಡು ವಾರ ಬಿಟ್ಟು ತೆರೆದಾಗ ಮಾತ್ರ ಹೀಗಾದರೆ ಬೇರೆ ಯೋಚನೆಯೇ ಬೇಡ.

ಬ್ರೌಸರ್ ಗಲಾಟೆಗೂ ಇದೇ ಕಾರಣ. ಸೈಟುಗಳ ಸರ್ಟಿಫಿಕೇಟ್‌ಗೆ ಇಂತಿಂಥ ತಾರೀಕಿನಿಂದ ಇಂತಿಂಥ ತಾರೀಕಿನವರೆಗೆ ಅಂತ ಅವಧಿ ಇರುತ್ತದೆ, ಅಲ್ವಾ? ನಿಮ್ಮ ಗಡಿಯಾರ ಹತ್ತು ವರ್ಷ ಹಿಂದಿದ್ದರೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ಬ್ರೌಸರ್ ತಿಳಿಯುತ್ತದೆ.

ಬದಲಿಸುವುದು ಹೇಗೆ ನೋಡೋಣ. ಅಡಾಪ್ಟರ್ ತೆಗೆದು, ಕವರ್ ಬಿಚ್ಚಿ, ಮೊದಲು ದೊಡ್ಡ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಇದನ್ನು ಮಾಡದೆ ಬೇರೆ ಏನನ್ನೂ ಮುಟ್ಟಬೇಡಿ. ಈಗ ಸೆಲ್ ಹುಡುಕಿ. ಕೆಲವು ಬೋರ್ಡ್‌ಗಳಲ್ಲಿ ಬೆಳ್ಳಿ ಬಿಲ್ಲೆ ತೆರೆದ ಹೋಲ್ಡರ್‌ನಲ್ಲಿ ಕೂತಿರುತ್ತದೆ. ಇನ್ನು ಹಲವದರಲ್ಲಿ ಹಳದಿ ಅಥವಾ ಕಪ್ಪು ಪ್ಲಾಸ್ಟಿಕ್ ಸುತ್ತಿದ ಪುಟ್ಟ ಪೊಟ್ಟಣ, ಅದರಿಂದ ಒಂದು ಕೆಂಪು ಒಂದು ಕಪ್ಪು ವೈರ್ ಹೊರಟು ಅಕ್ಕಿಕಾಳಿನಷ್ಟು ದೊಡ್ಡ ಬಿಳಿ ಕನೆಕ್ಟರ್‌ಗೆ ಸೇರಿರುತ್ತದೆ. ವೈರ್ ಹಿಡಿದು ಎಳೆಯಬೇಡಿ. ಕನೆಕ್ಟರ್‌ನ ಎರಡೂ ಬದಿಯ ಕಿವಿಗಳಿಗೆ ಉಗುರು ಅಥವಾ ಪ್ಲಾಸ್ಟಿಕ್ ತುಂಡು ಕೊಟ್ಟು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಕೂದಲೆಳೆಯಷ್ಟೇ ಸರಿಸುತ್ತಾ ಬನ್ನಿ. ಎಳೆದರೆ ಬೋರ್ಡ್‌ನ ಮೇಲಿನ ಸಾಕೆಟ್ಟೇ ಕಿತ್ತು ಬರುತ್ತದೆ, ಆಮೇಲೆ ಸೋಲ್ಡರಿಂಗ್ ಮಾಡುವವರ ಹತ್ತಿರ ಹೋಗದೆ ಗತಿ ಇಲ್ಲ.

ಮಲ್ಟಿಮೀಟರ್ ಇದ್ದರೆ ಸೆಲ್ ಅಳೆಯಿರಿ. ಹೊಸತು 3 ವೋಲ್ಟ್‌ಗಿಂತ ಸ್ವಲ್ಪ ಮೇಲಿರುತ್ತದೆ. 2.7ಕ್ಕಿಂತ ಕೆಳಗಿದ್ದರೆ ಬದಲಿಸಿಬಿಡಿ. ಮೇಲೆ ಬರೆದ ಸಂಖ್ಯೆ ಓದಿ ಅದನ್ನೇ ತನ್ನಿ. ಸಾಮಾನ್ಯವಾಗಿ ಸಿಆರ್2032 ಇರುತ್ತದೆ. ಆದರೆ ಎಂಎಲ್ ಅಂತ ಶುರುವಾಗುವ ಸೆಲ್ ಇದ್ದರೆ ಅದು ಚಾರ್ಜ್ ಆಗುವಂಥದ್ದು, ಬೋರ್ಡ್ ಅದಕ್ಕೆ ಕರೆಂಟ್ ಕೊಡುತ್ತಿರುತ್ತದೆ. ಆ ಜಾಗಕ್ಕೆ ಸಿಆರ್ ಸೆಲ್ ಹಾಕಲೇಬಾರದು. ಚಾರ್ಜ್ ಆಗದ ಲಿಥಿಯಂ ಸೆಲ್‌ಗೆ ಚಾರ್ಜ್ ಕೊಟ್ಟರೆ ಅದು ಸೋರಬಹುದು, ಸಿಡಿಯಲೂಬಹುದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೆಲ್ಲೇ ಇರುವುದಿಲ್ಲ, ದೊಡ್ಡ ಬ್ಯಾಟರಿಯೇ ಗಡಿಯಾರವನ್ನೂ ಓಡಿಸುತ್ತದೆ. ಹುಡುಕಿ ಸಿಗದಿದ್ದರೆ ಗಾಬರಿ ಬೇಡ.

ಹೊಸ ಸೆಲ್ ಹಾಕಿ ಆನ್ ಮಾಡಿದಾಗ ಮೊದಲ ಸಲ ಸ್ಕ್ರೀನ್ ಒಂದೆರಡು ನಿಮಿಷ ಕಪ್ಪಾಗೇ ಇರಬಹುದು, ತಾನಾಗಿ ಆಫ್ ಆಗಿ ಮತ್ತೆ ಆನ್ ಆಗಬಹುದು. ರ‍್ಯಾಮ್‌ನ ಲೆಕ್ಕಾಚಾರ ಹೊಸದಾಗಿ ಮಾಡಿಕೊಳ್ಳುತ್ತಿರುತ್ತದೆ. ಕಾಯಿರಿ. ಪವರ್ ಬಟನ್ ಒತ್ತಿ ಹಿಡಿಯಬೇಡಿ.

ಸೆಲ್ ತೆಗೆದಿಟ್ಟರೆ ಬಯೋಸ್ ಪಾಸ್‌ವರ್ಡ್ ಹೋಗುತ್ತದೆ ಅಂತ ತುಂಬಾ ಕಡೆ ಹೇಳುತ್ತಾರೆ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಅದು ಸರಿ. ಲ್ಯಾಪ್‌ಟಾಪ್‌ಗಳಲ್ಲಿ ಪಾಸ್‌ವರ್ಡ್ ಸಾಮಾನ್ಯವಾಗಿ ಕರೆಂಟ್ ಇಲ್ಲದೆಯೂ ಉಳಿಯುವ ಚಿಪ್‌ನಲ್ಲಿರುತ್ತದೆ, ಸೆಲ್ ತೆಗೆದರೆ ಗಡಿಯಾರ ಹೋಗುತ್ತದೆ, ಪಾಸ್‌ವರ್ಡ್ ಅಲ್ಲೇ ಇರುತ್ತದೆ. ಖರೀದಿಯ ರಸೀದಿ ಹಿಡಿದು ಕಂಪನಿಯ ಸರ್ವಿಸ್‌ನವರನ್ನು ಕೇಳುವುದೇ ಸರಿಯಾದ ದಾರಿ.

ಸೆಲ್ ಹಾಕಿದ ಮೇಲೆ ವಿಂಡೋಸ್ ಬರುತ್ತಿಲ್ಲ

ಇದು ನನಗೇ ಆಗಿದ್ದು. ಹಳೆಯ ಲ್ಯಾಪ್‌ಟಾಪ್‌ಗೆ ಸೆಲ್ ಬದಲಿಸಿ ಆನ್ ಮಾಡಿದೆ, ಲೋಗೋ ಬಂತು, ಖುಷಿಯಾಯಿತು. ಆಮೇಲೆ ನೀಲಿ ಸ್ಕ್ರೀನ್, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ. ಮೂರು ಸಲ ಅದೇ. ಡಿಸ್ಕ್ ಹೋಯಿತು ಅಂದುಕೊಂಡು ಫಾರ್ಮ್ಯಾಟ್ ಮಾಡಲು ಪೆನ್‌ಡ್ರೈವ್ ಕೂಡ ಸಿದ್ಧ ಮಾಡಿದ್ದೆ. ಕೊನೆಗೆ ಫೋನಿನಲ್ಲಿದ್ದ ಹಳೆಯ ಫೋಟೋಗಳನ್ನು ಒಂದೊಂದಾಗಿ ಬಯೋಸ್ ಪುಟದ ಪಕ್ಕ ಇಟ್ಟು ಹೋಲಿಸಿದೆ. ಫೋಟೋದಲ್ಲಿ ಸಾಟಾ ಮೋಡ್ (ಡಿಸ್ಕ್ ಜೊತೆ ಬೋರ್ಡ್ ಮಾತಾಡುವ ರೀತಿ) ಎಎಚ್‌ಸಿಐ ಅಂತಿತ್ತು. ಈಗ ರೇಡ್ ಅಂತಿತ್ತು. ಎಎಚ್‌ಸಿಐ ಮಾಡಿ ಎಫ್10 ಒತ್ತಿದೆ, ವಿಂಡೋಸ್ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು.

ಸೆಲ್ ಸತ್ತಾಗ ಸೆಟ್ಟಿಂಗ್‌ಗಳು ಕಾರ್ಖಾನೆಯಿಂದ ಬಂದಾಗ ಇದ್ದಂತೆ ಆಗುತ್ತವೆ, ಆದರೆ ನಿಮ್ಮ ವಿಂಡೋಸ್ ಆ ಸೆಟ್ಟಿಂಗ್‌ನಲ್ಲಿ ಹಾಕಿದ್ದಲ್ಲ. ಡಿಸ್ಕ್ ಜೊತೆ ಮಾತಾಡುವ ಡ್ರೈವರ್ ಬೇರೆಯದಾಗುತ್ತದೆ, ಆದ್ದರಿಂದ ವಿಂಡೋಸ್ ತನ್ನದೇ ಡಿಸ್ಕ್ ಕಾಣದೆ ನಿಲ್ಲುತ್ತದೆ. ಫೋಟೋ ಇಲ್ಲದಿದ್ದರೆ ಎಎಚ್‌ಸಿಐ, ರೇಡ್, ಐಡಿಇ, ಏನೇನು ಆಯ್ಕೆ ಇದೆಯೋ ಒಂದೊಂದೇ ಹಾಕಿ ನೋಡಿ. ಬರೀ ಮೋಡ್ ಬದಲಿಸಿದರೆ ಡಿಸ್ಕ್‌ನಲ್ಲಿರುವುದು ಅಳಿಯುವುದಿಲ್ಲ. ಆದರೆ ರೇಡ್ ವಾಲ್ಯೂಮ್ ರಚಿಸು, ಅಳಿಸು ಅಂತ ಬೇರೆ ಮೆನು ಕಂಡರೆ ಅದರೊಳಗೆ ಕಾಲಿಡಬೇಡಿ.

ಇನ್ನೊಂದು ಇದೇ ಬಗೆಯದು. ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್ ಅಂತ ಬಂದರೆ ಬೂಟ್ ಮೋಡ್ ನೋಡಿ. ಎಂಬಿಆರ್ ಎಂಬ ಹಳೆಯ ವಿಭಾಗ ಪಟ್ಟಿಯ ಡಿಸ್ಕ್‌ನಲ್ಲಿ ಹಾಕಿದ ಹಳೆಯ ವಿಂಡೋಸ್‌ಗೆ ಲೆಗಸಿ ಬೇಕು, ಜಿಪಿಟಿ ಎಂಬ ಹೊಸ ಪಟ್ಟಿಯ ಡಿಸ್ಕ್‌ನದಕ್ಕೆ ಯುಇಎಫ್ಐ ಬೇಕು. ಆಗಲೇ ಬರೆದಿಟ್ಟ ಬಯೋಸ್ ಮೋಡ್ ಸಾಲು ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೋಡ್ ಸರಿ ಇದೆ, ಆದರೂ ಬೂಟ್ ಆಯ್ಕೆ ಮಾಯ

ಯುಇಎಫ್ಐ ತನ್ನ ನೆನಪಿನಲ್ಲಿ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ, ಇಂಥ ಹೆಸರಿನ ಸಿಸ್ಟಮ್, ಇಂಥ ಡಿಸ್ಕ್‌ನ ಇಂಥ ಫೈಲ್ ಅಂತ. ಆ ಪಟ್ಟಿ ಅಳಿದರೆ ಡಿಸ್ಕ್‌ನಲ್ಲಿ ಎಲ್ಲ ಇದ್ದರೂ ಬೂಟ್ ಆಗುವುದಿಲ್ಲ. ವಿಂಡೋಸ್‌ಗಾದರೆ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ರಿಪೇರಿ ಮೆನುವಿಗೆ ಹೋಗಿ ಕಮಾಂಡ್ ಪ್ರಾಂಪ್ಟ್ ತೆರೆದು ಬಿಸಿಡಿಬೂಟ್ ಕಮಾಂಡ್‌ಗೆ ವಿಂಡೋಸ್ ಫೋಲ್ಡರ್‌ನ ದಾರಿ ಕೊಟ್ಟು ಓಡಿಸಿ. ಅಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರಬಹುದು, ವಿಂಡೋಸ್ ಸಿ ಬದಲು ಡಿಯಲ್ಲಿ ಕಾಣಬಹುದು, ಮೊದಲು ನೋಡಿಕೊಳ್ಳಿ. ಲಿನಕ್ಸ್‌ನಲ್ಲಿ ಇಎಫ್ಐಬೂಟ್‌ಎಂಜಿಆರ್ ಪಟ್ಟಿಯನ್ನು ತೋರಿಸುತ್ತದೆ, ಹೊಸ ಸಾಲು ಸೇರಿಸುತ್ತದೆ.

ಮೊದಲ ತಲೆಮಾರಿನ ಕೆಲವು ಯುಇಎಫ್ಐಗಳು ಇನ್ನೂ ಹಟಮಾರಿ. ವಿಂಡೋಸ್‌ನ ಬೂಟ್ ಫೈಲ್ ಬಿಟ್ಟರೆ ಬೇರೆ ಹೆಸರನ್ನು ನೆನಪಿಡುವುದೇ ಇಲ್ಲ, ಲಿನಕ್ಸ್ ಹಾಕಿದ ಸಾಲು ಪ್ರತಿ ಸಲ ಅಳಿದುಹೋಗುತ್ತದೆ. ಅಂಥದಕ್ಕೆ ಒಂದು ದಾರಿ ಇದೆ. ಪಟ್ಟಿಯಲ್ಲಿ ಏನೂ ಸಿಗದಿದ್ದಾಗ ಯುಇಎಫ್ಐ ಡಿಸ್ಕ್‌ನ ಇಎಫ್ಐ ಫೋಲ್ಡರ್ ಒಳಗಿನ ಬೂಟ್ ಫೋಲ್ಡರ್‌ನಲ್ಲಿ ಬೂಟ್‌ಎಕ್ಸ್64 ಎಂಬ ಹೆಸರಿನ ಫೈಲ್ ಹುಡುಕುತ್ತದೆ. ಲಿನಕ್ಸ್ ಶುರುಮಾಡುವ ಗ್ರಬ್ ಫೈಲಿನ ಪ್ರತಿಯನ್ನು ಅಲ್ಲಿ ಆ ಹೆಸರಿನಲ್ಲಿ ಇಟ್ಟರೆ ತೊಂದರೆ ಮುಗಿಯಿತು. ಏಸರ್‌ನ ಕೆಲವು ಮಾಡೆಲ್‌ಗಳಲ್ಲಿ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬೂದು ಬಣ್ಣದಲ್ಲಿದ್ದು ಮುಟ್ಟಲು ಬರುವುದಿಲ್ಲ. ಮೊದಲು ಒಂದು ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿ, ಆಗ ತೆರೆದುಕೊಳ್ಳುತ್ತದೆ. ಆ ಪಾಸ್‌ವರ್ಡ್ ಕಾಗದದ ಮೇಲೆ ಬರೆಯಿರಿ.

ಸೆಟ್ಟಿಂಗ್ ಸೇವ್ ಆಗುತ್ತಲೇ ಇಲ್ಲ, ಹೊಸ ಸೆಲ್ ಹಾಕಿದರೂ ಇಲ್ಲ ಅಂದರೆ ಹಳೆಯ ಒಂದು ಘಟನೆ ನೆನಪಿಗೆ ಬರುತ್ತದೆ. 2017ರ ಕೊನೆಯಲ್ಲಿ ಉಬುಂಟು ಎಂಬ ಲಿನಕ್ಸ್‌ನ 17.10 ಆವೃತ್ತಿಯಲ್ಲಿದ್ದ ಒಂದು ಇಂಟೆಲ್ ಡ್ರೈವರ್‌ನಿಂದ ಲೆನೊವೊ, ಏಸರ್, ತೊಶಿಬಾದ ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್ ಚಿಪ್ ಬರೆಯಲಾಗದಂತೆ ಬೀಗ ಬಿದ್ದು, ಡೌನ್‌ಲೋಡನ್ನೇ ಹಿಂದೆಗೆದುಕೊಂಡಿದ್ದರು. ಸರಿಪಡಿಸಿದ ಕರ್ನಲ್‌ನಿಂದ (ಲಿನಕ್ಸ್‌ನ ತಿರುಳು) ಬೂಟ್ ಮಾಡಿದಾಗ ಬೀಗ ತೆರೆಯಿತು. ಆ ಕಾಲದ ಯಂತ್ರ ಸೆಕೆಂಡ್ ಹ್ಯಾಂಡ್ ಆಗಿ ಕೈಗೆ ಬಂದಿದ್ದರೆ ಇದನ್ನೊಮ್ಮೆ ಪರೀಕ್ಷಿಸಿ.

ಸೆಕ್ಯೂರ್ ಬೂಟ್‌ನ ತಾರೀಕುಗಳು

2024ರ ಆಗಸ್ಟ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಒಂದು ಬಂದ ಮೇಲೆ, ವಿಂಡೋಸ್ ಜೊತೆ ಲಿನಕ್ಸ್ ಇಟ್ಟುಕೊಂಡಿದ್ದ ಹಲವರಿಗೆ ಲಿನಕ್ಸ್ ತೆರೆಯದೆ, ಎಸ್‌ಬಿಎಟಿ ಪರಿಶೀಲನೆ ವಿಫಲ ಅಂತ ಸಾಲು ಬಂತು. ಬಯೋಸ್ ಕೆಟ್ಟಿರಲಿಲ್ಲ. ಹಳೆಯ ಬೂಟ್‌ಲೋಡರ್‌ಗಳನ್ನು ಒಪ್ಪಬೇಡ ಅಂತ ಆ ಅಪ್‌ಡೇಟ್ ಬರೆದಿಟ್ಟು ಹೋಗಿತ್ತು. ಸೆಕ್ಯೂರ್ ಬೂಟ್ ಆಫ್ ಮಾಡಿ, ಲಿನಕ್ಸ್ ತೆರೆದು, ಅದನ್ನು ಪೂರ್ತಿ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿ.

ಇನ್ನೊಂದು, ಮೈಕ್ರೋಸಾಫ್ಟ್‌ನ 2011ರ ಸೆಕ್ಯೂರ್ ಬೂಟ್ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತಾ ಬರುತ್ತದೆ. ಇದರಿಂದ ಲ್ಯಾಪ್‌ಟಾಪ್ ಒಮ್ಮೆಲೇ ನಿಂತುಹೋಗುವುದಿಲ್ಲ. ಹೊಸ ಸರ್ಟಿಫಿಕೇಟ್ ಸೇರದಿದ್ದರೆ ಬೂಟ್ ಭಾಗಕ್ಕೆ ಮುಂದೆ ಬರುವ ಭದ್ರತೆಯ ಅಪ್‌ಡೇಟ್‌ಗಳು ಸಿಗುವುದಿಲ್ಲ, ಅಷ್ಟೆ. ಅವಧಿ ಮುಗಿದಿದೆ ಅಂತ ಗಾಬರಿಯಿಂದ ಹಳೆಯ ಯಂತ್ರಕ್ಕೆ ಸಿಕ್ಕಿದ ಬಯೋಸ್ ಹಾಕಬೇಡಿ.

ವೈಫೈ ಕಾರ್ಡ್ ಬದಲಿಸಿದ ಮೇಲೆ 1802 ಅಂತಲೋ, ಅನುಮತಿ ಇಲ್ಲದ ನೆಟ್‌ವರ್ಕ್ ಕಾರ್ಡ್ ಅಂತಲೋ ಬಂದು ನಿಂತರೆ, ಅದು ಥಿಂಕ್‌ಪ್ಯಾಡ್‌ನಂಥ ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿರುವ ಒಪ್ಪಿಗೆ ಪಟ್ಟಿ. ಹಳೆಯ ಕಾರ್ಡ್ ವಾಪಸ್ ಹಾಕಿ, ಇಲ್ಲವೇ ಯುಎಸ್‌ಬಿ ವೈಫೈ ಬಳಸಿ. ಹಾಗೆಯೇ ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿ ಹಳೆಯ ಬಯೋಸ್‌ಗೆ ಕಾಣದಿರುವುದು ಸಹಜ, ಅಲ್ಲಿಗೆ ಸಾಟಾ ಎಸ್‌ಎಸ್‌ಡಿಯೇ ಸರಿ.

ಈಗ ಅಪ್‌ಡೇಟ್

ಮೇಲಿನದೆಲ್ಲ ಮಾಡಿ, ನಿಮ್ಮ ತೊಂದರೆಯ ಹೆಸರೇ ಹೊಸ ವರ್ಷನ್‌ನ ರಿಲೀಸ್ ನೋಟ್ಸ್‌ನಲ್ಲಿ ಕಂಡರೆ, ಅಥವಾ ಭದ್ರತೆಯ ದೊಡ್ಡ ತೂತೊಂದನ್ನು ಅದು ಮುಚ್ಚುತ್ತದೆ ಅಂದರೆ, ಅಪ್‌ಡೇಟ್ ಮಾಡಿ. ಹೊಸತು ಬಂದಿದೆ ಅನ್ನುವುದೊಂದೇ ಕಾರಣ ಸಾಲದು. ಬಂದ ದಿನವೇ ಹಾಕುವುದೂ ಬೇಡ. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ಭದ್ರತೆಯ ತೊಂದರೆಗೆ ಬಂದ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಪುಟ್ಟ ಪ್ರೋಗ್ರಾಂ) ಹಾಕಿದ ಹ್ಯಾಸ್ವೆಲ್, ಬ್ರಾಡ್‌ವೆಲ್ ಪ್ರೊಸೆಸರ್‌ಗಳ ಯಂತ್ರಗಳು ತಾವಾಗಿ ರೀಸ್ಟಾರ್ಟ್ ಆಗತೊಡಗಿ, ಅದನ್ನು ಹಾಕುವುದು ನಿಲ್ಲಿಸಿ ಅಂತ ಇಂಟೆಲ್ಲೇ ಹೇಳಬೇಕಾಯಿತು. ಕಂಪನಿ ಅಪ್‌ಡೇಟ್ ನಿಲ್ಲಿಸಿರುವ ಹಳೆಯ ಯಂತ್ರದವರಿಗೆ ಒಂದು ಸಮಾಧಾನ ಇದೆ. ಮೈಕ್ರೋಕೋಡನ್ನು ವಿಂಡೋಸ್ ಮತ್ತು ಲಿನಕ್ಸ್ ಕೂಡ ಬೂಟ್ ಆಗುವಾಗ ಹಾಕುತ್ತವೆ.

ಮಾಡುವ ಕ್ರಮ ಹೀಗೆ.

1. ಅಡಿಯ ಸ್ಟಿಕ್ಕರ್‌ನಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಅಥವಾ ಸರ್ವಿಸ್ ಟ್ಯಾಗ್ ಹಾಕಿ, ಕಂಪನಿಯ ಸೈಟ್‌ನಿಂದಲೇ ಫೈಲ್ ಇಳಿಸಿ. ಹೆಸರು ಒಂದೇ ಇದ್ದು ಬೋರ್ಡ್ ಬೇರೆ ಇರುವ ಮಾಡೆಲ್‌ಗಳು ಬೇಕಾದಷ್ಟಿವೆ.
2. ನಡುವಿನ ವರ್ಷನ್ ಮೊದಲು ಹಾಕಬೇಕು ಅಂತ ಬರೆದಿದ್ದರೆ ಹಾಗೇ ಮಾಡಿ. ಹಳೆಯ ವರ್ಷನ್‌ನಿಂದ ಒಮ್ಮೆಲೇ ಕೊನೆಯದಕ್ಕೆ ಹಾರಬೇಡಿ.
3. ಸೈಟ್‌ನಲ್ಲಿ ಶಾ-256 ಮೊತ್ತ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ ಕೊಟ್ಟಿದ್ದರೆ ಇಳಿಸಿದ ಫೈಲಿನದ್ದಕ್ಕೆ ಹೋಲಿಸಿ.
4. ಬಿಟ್‌ಲಾಕರ್ ಸಸ್ಪೆಂಡ್ ಮಾಡಿ.
5. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಅಡಾಪ್ಟರ್ ಚುಚ್ಚಿಯೇ ಇಡಿ. ಬ್ಯಾಟರಿ ಸತ್ತಿದ್ದರೆ ಅಪ್‌ಡೇಟ್ ಒಪ್ಪುವುದಿಲ್ಲ. ಆ ಪರೀಕ್ಷೆಯನ್ನು ದಾಟಿಸುವ ಅಡ್ಡದಾರಿ ಎಲ್ಲಾದರೂ ಸಿಕ್ಕರೂ ಹಿಡಿಯಬೇಡಿ, ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ.
6. ಬಯೋಸ್ ಒಳಗೇ ಫ್ಲ್ಯಾಶ್ ಮಾಡುವ ಆಯ್ಕೆ ಇದ್ದರೆ ಅದನ್ನೇ ಬಳಸಿ. ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಸಣ್ಣ ಪೆನ್‌ಡ್ರೈವ್ ಸಾಕು. ವಿಂಡೋಸ್ ಒಳಗಿಂದ ಮಾಡುವುದಕ್ಕಿಂತ ನನಗೆ ಇದರಲ್ಲಿ ನಂಬಿಕೆ ಜಾಸ್ತಿ, ನಡುವೆ ಬಾಯಿ ಹಾಕುವ ಬೇರೆ ಪ್ರೋಗ್ರಾಂಗಳು ಇರುವುದಿಲ್ಲ.

ಲಿನಕ್ಸ್‌ನಲ್ಲಿ ಎಫ್‌ಡಬ್ಲ್ಯುಯುಪಿಡಿ ಎಂಬ ಸಾಧನ ಇದನ್ನೆಲ್ಲ ಮಾಡುತ್ತದೆ, ಆದರೆ ನಿಮ್ಮ ಮಾಡೆಲ್‌ನ ಫೈಲನ್ನು ಕಂಪನಿ ಅಲ್ಲಿಗೆ ಕೊಟ್ಟಿರಬೇಕು.

ಫ್ಲ್ಯಾಶ್ ಆಗುವಾಗ ಸ್ಕ್ರೀನ್ ಕಪ್ಪಾಗುತ್ತದೆ, ಫ್ಯಾನ್ ಜೋರಾಗುತ್ತದೆ, ಎರಡು ಮೂರು ಸಲ ರೀಸ್ಟಾರ್ಟ್ ಆಗುತ್ತದೆ. ಇಸಿ ಫರ್ಮ್‌ವೇರ್ ಕೂಡ ಆಗಲೇ ಬರೆಯುತ್ತಿರಬಹುದು. ಕೈ ಕಟ್ಟಿ ಕೂತುಕೊಳ್ಳಿ. ಅರ್ಧ ಗಂಟೆಯವರೆಗೂ ಮುಟ್ಟಬೇಡಿ.

ಅಪ್‌ಡೇಟ್ ಅರ್ಧದಲ್ಲಿ ನಿಂತರೆ

ಹಲವು ಯಂತ್ರಗಳಲ್ಲಿ ಬೂಟ್ ಬ್ಲಾಕ್ ಎಂಬ ಪುಟ್ಟ ಭಾಗ ಬದುಕಿರುತ್ತದೆ, ಪೆನ್‌ಡ್ರೈವ್ ಅಥವಾ ಡಿಸ್ಕ್‌ನಿಂದ ಫೈಲ್ ಓದಿ ಚಿಪ್ ಮತ್ತೆ ಬರೆಯುತ್ತದೆ. 2015ರ ನಂತರದ ಹಲವು ಡೆಲ್‌ಗಳಲ್ಲಿ ಆಫ್ ಮಾಡಿ, ಅಡಾಪ್ಟರ್ ತೆಗೆದು, ಕಂಟ್ರೋಲ್ ಮತ್ತು ಎಸ್ಕೇಪ್ ಒತ್ತಿ ಹಿಡಿದುಕೊಂಡೇ ಅಡಾಪ್ಟರ್ ಚುಚ್ಚಬೇಕು. ಎಚ್‌ಪಿಯಲ್ಲಿ ವಿಂಡೋಸ್ ಕೀ ಮತ್ತು ಬಿ ಹಿಡಿದು, ಪವರ್ ಬಟನ್ ಎರಡು ಮೂರು ಸೆಕೆಂಡು ಒತ್ತಿ ಬಿಡಬೇಕು, ಆ ಎರಡು ಕೀ ಮಾತ್ರ ಬಿಡಬಾರದು. ಬಿ ಕೆಲಸ ಮಾಡದಿದ್ದರೆ ವಿ ಒತ್ತಿ ನೋಡಿ. ಪೆನ್‌ಡ್ರೈವ್‌ನಲ್ಲಿ ಫೈಲಿನ ಹೆಸರು ಆ ಮಾಡೆಲ್ ಕೇಳುವ ಹೆಸರೇ ಆಗಿರಬೇಕು, ಒಂದು ಅಕ್ಷರ ತಪ್ಪಿದರೂ ಅದಕ್ಕೆ ಕಾಣುವುದಿಲ್ಲ. ಒಂದು ಪೋರ್ಟ್‌ನಲ್ಲಿ ಆಗದಿದ್ದರೆ ಇನ್ನೊಂದರಲ್ಲಿ, ಯುಎಸ್‌ಬಿ 2.0 ಪೋರ್ಟ್ ಇದ್ದರೆ ಮೊದಲು ಅದರಲ್ಲೇ ಹಾಕಿ.

ಅದೂ ಆಗದಿದ್ದರೆ ಉಳಿಯುವುದು ಪ್ರೋಗ್ರಾಮರ್, ಅಂದರೆ ಚಿಪ್‌ಗೆ ನೇರವಾಗಿ ಬರೆಯುವ ಸಾಧನ. ಸಿಎಚ್341ಎ ಎಂಬ ಯುಎಸ್‌ಬಿ ಸಾಧನ ಮತ್ತು ಎಂಟು ಕಾಲಿಗೆ ಕಚ್ಚಿಕೊಳ್ಳುವ ಕ್ಲಿಪ್ ಬೇಕು. ಸೋಲ್ಡರಿಂಗ್, ಮಲ್ಟಿಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಚಿಪ್ ಮಟ್ಟದ ಕೆಲಸ ಮಾಡುವವರಿಗೆ ಕೊಡಿ, ಅದರಲ್ಲಿ ಸಂಕೋಚ ಏನಿಲ್ಲ.

ಅಡಾಪ್ಟರ್, ದೊಡ್ಡ ಬ್ಯಾಟರಿ, ಸೆಲ್ ಮೂರೂ ತೆಗೆಯಿರಿ. ಚಿಪ್ ಮೇಲಿನ ಅಕ್ಷರಗಳನ್ನು ಟಾರ್ಚ್ ಓರೆಯಾಗಿ ಹಿಡಿದು ಓದಿ. 25ಕ್ಯು64 ಅಂದರೆ 64 ಮೆಗಾಬಿಟ್, ಅಂದರೆ 8 ಎಂಬಿ. ಆಮೇಲಿನ ಅಕ್ಷರಗಳೂ ಮುಖ್ಯ. ವಿನ್‌ಬಾಂಡ್‌ನ ಎಫ್‌ವಿ ಚಿಪ್ 3.3 ವೋಲ್ಟ್‌ನದು, ಎಫ್‌ಡಬ್ಲ್ಯು 1.8 ವೋಲ್ಟ್‌ನದು. ಎರಡನೆಯದಕ್ಕೆ 1.8 ವೋಲ್ಟ್‌ಗೆ ಇಳಿಸುವ ಬೇರೆ ಅಡಾಪ್ಟರ್ ಇಲ್ಲದೆ ಕ್ಲಿಪ್ ಹಾಕಿದರೆ ಚಿಪ್ ಸುಡಬಹುದು. ಕಪ್ಪು ಬಣ್ಣದ ಸಿಎಚ್341ಎಗಳಲ್ಲಿ ಡೇಟಾ ಕಾಲುಗಳಿಗೆ 5 ವೋಲ್ಟ್ ಬರುವುದು ಗೊತ್ತಿರುವ ದೋಷ, ಅಳೆದು ನೋಡಿ ಬಳಸಿ. ಚಿಪ್‌ನ ಮೂಲೆಯಲ್ಲಿ ಸಣ್ಣ ಚುಕ್ಕಿ ಇದೆಯಲ್ಲ, ಅದು ಒಂದನೇ ಕಾಲು. ಕ್ಲಿಪ್‌ನ ಕೆಂಪು ವೈರ್ ಆ ಕಡೆಗೇ ಬರಬೇಕು.

ಬರೆಯುವ ಮೊದಲು ಚಿಪ್‌ನಲ್ಲಿರುವುದನ್ನು ಓದಿ. ಮೂರು ಸಲ ಓದಿ ಮೂರು ಫೈಲ್ ಮಾಡಿ, ಮೂರೂ ಒಂದೇ ಇವೆಯಾ ಹೋಲಿಸಿ. 8 ಎಂಬಿ ಚಿಪ್‌ನದು ಸರಿಯಾಗಿ 83,88,608 ಬೈಟ್ ಇರಬೇಕು. ಮೂರರಲ್ಲಿ ಒಂದು ಬೇರೆ ಇದ್ದರೂ ಕ್ಲಿಪ್ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಹಾಕಿ. ಈ ಫೈಲ್ ಕೆಟ್ಟ ಬಯೋಸ್‌ನದೇ ಆದರೂ ಅಮೂಲ್ಯ. ನಿಮ್ಮ ಯಂತ್ರದ ಸೀರಿಯಲ್ ನಂಬರ್, ವಿಂಡೋಸ್ ಕೀ, ಇಂಟೆಲ್‌ನ ಎಂಇ (ಮ್ಯಾನೇಜ್‌ಮೆಂಟ್ ಎಂಜಿನ್) ಭಾಗ ಎಲ್ಲ ಅದರಲ್ಲೇ ಇರುತ್ತವೆ. ಕಂಪನಿಯ ಸೈಟ್‌ನಿಂದ ಇಳಿಸಿದ ಅಪ್‌ಡೇಟ್ ಫೈಲನ್ನು ಹಾಗೇ ಚಿಪ್‌ಗೆ ಬರೆಯಬೇಡಿ, ಅದರಲ್ಲಿ ಹೆಚ್ಚಾಗಿ ಬಯೋಸ್ ಭಾಗ ಮಾತ್ರ ಇರುತ್ತದೆ, ಪೂರ್ತಿ ಚಿಪ್‌ನ ಪ್ರತಿ ಅಲ್ಲ. ಬೇರೆಯವರ ಲ್ಯಾಪ್‌ಟಾಪ್‌ನಿಂದ ತೆಗೆದ ಪ್ರತಿ ಹಾಕಿದರೆ ಯಂತ್ರ ಎದ್ದರೂ ನಿಮ್ಮ ಗುರುತುಗಳು ಹೋಗಿಬಿಡುತ್ತವೆ. ನಿಮ್ಮದೇ ಪ್ರತಿಯಲ್ಲಿ ಬಯೋಸ್ ಭಾಗವನ್ನಷ್ಟೇ ಹೊಸದರಿಂದ ಬದಲಿಸಿ ಬರೆಯುವುದು ಸರಿಯಾದ ಕ್ರಮ. ಬರೆದಾದ ಮೇಲೆ ವೆರಿಫೈ ಮಾಡಿ, ತಪ್ಪು ಬಂದರೆ ಕ್ಲಿಪ್ ತೆಗೆಯದೆ ಮತ್ತೆ ಬರೆಯಿರಿ.

ಸೆಲ್ ಹಾಕಿ, ಒಂದೇ ರ‍್ಯಾಮ್ ಸ್ಟಿಕ್ ಹಾಕಿ, ಅಡಾಪ್ಟರ್ ಚುಚ್ಚಿ ಆನ್ ಮಾಡಿ. ಮೊದಲ ಸಲ ಎರಡು ನಿಮಿಷ ಕಪ್ಪು ಸ್ಕ್ರೀನ್ ಇದ್ದರೂ ಬಿಡಿ. ಲೋಗೋ ಬಂದ ಕೂಡಲೇ ಬಯೋಸ್ ಒಳಗೆ ಹೋಗಿ ತಾರೀಕು, ಸಾಟಾ ಮೋಡ್, ಬೂಟ್ ಮೋಡ್ ಮೂರನ್ನೂ ಫೋನಿನ ಫೋಟೋ ನೋಡಿ ಹೊಂದಿಸಿ, ಆಮೇಲೆ ಡಿಸ್ಕ್ ಹಾಕಿ.